ಮೆಲ್ಲಗೆ ಹಾಡುವವರ ಮುಂದೆ ದಯವಿಟ್ಟು ಸುಮ್ಮನಿರಿ

ಹಾಡುಗಾರ ಗಿಟಾರಿಗೆ ಕ್ಯಾಪೋ (ತಂತಿ ಅದುಮಿ ಶ್ರುತಿ ಏರಿಸುವ ಕ್ಲಿಪ್ಪು) ಸಿಕ್ಕಿಸಿ, ಹೆಬ್ಬೆರಳಲ್ಲಿ ದಪ್ಪ ತಂತಿ ಮೀಟಿ, ಮೊದಲ ಸಾಲಿಗೆ ಉಸಿರೆಳೆದುಕೊಂಡ. ಆ ಉಸಿರೂ ಮೈಕಿನಲ್ಲಿ ಕೇಳಿಸಿತು. ಅಷ್ಟರಲ್ಲಿ ಪಕ್ಕದಿಂದ "ಮಚ್ಚಾ, ಬಾರ್ ಹತ್ರ ಇದೀವಿ, ಬಾರೋ" ಅಂತ ಫೋನಿನಲ್ಲಿ ಕೂಗು. ಸಾಲು ಹೋಯಿತು. ಮೊನ್ನೆ ಶನಿವಾರ ಬೆಂಗಳೂರಿನ ಒಂದು ಮೈದಾನದಲ್ಲಿ ಶೋ ಮುಗಿಯುವ ತನಕ ನಡೆದದ್ದು ಇದೇ.

ಪ್ರತೀಕ್ ಕುಹಾಡ್ ಹಾಡು ಕೇಳಿದವರಿಗೆ ಈ ಬಗೆಯ ಸಂಗೀತ ಗೊತ್ತು. 2019ರಲ್ಲಿ ಒಬಾಮ ತಮ್ಮ ಮೆಚ್ಚಿನ ಹಾಡುಗಳ ಪಟ್ಟಿಗೆ ಸೇರಿಸಿಕೊಂಡರಲ್ಲ, ಅದೇ ಜೈಪುರದ ಗಾಯಕ. ಮೊನ್ನೆಯವರು ಬೇರೆ, ಜಾಯಮಾನ ಒಂದೇ: ಒಂದು ಗಿಟಾರ್, ತನ್ನೊಳಗೇ ಮಾತಾಡಿಕೊಳ್ಳುವಂಥ ದನಿ. ಇದರಲ್ಲಿ ಹಾಡಿನ ಸಾಲು ಕೇಳಿಸದಿದ್ದರೆ ಉಳಿಯುವುದು ಏನೂ ಇಲ್ಲ.

"ಹಾಗಾದ್ರೆ ಸೌಂಡ್ ಜಾಸ್ತಿ ಮಾಡ್ಲಿ" ಅನ್ನುತ್ತಾರೆ. ಆಗುವುದಿಲ್ಲ ಸ್ವಾಮಿ. ಮೆಲ್ಲಗೆ ಹಾಡುವವರ ದನಿ ಹಿಡಿಯಲು ಮೈಕಿನ ಗೇನ್, ಅಂದರೆ ಸದ್ದು ಹಿಗ್ಗಿಸುವ ಮಟ್ಟ, ಮೊದಲೇ ಮೇಲಿರುತ್ತದೆ. ಇನ್ನೂ ಏರಿಸಿದರೆ ಸ್ಪೀಕರಿನ ಸದ್ದನ್ನೇ ಮೈಕು ಹಿಡಿದು ಕುಂಯ್ ಅಂತ ಕಿರುಚುತ್ತದೆ. ಅಕೂಸ್ಟಿಕ್ ಗಿಟಾರ್ ಇನ್ನೂ ಕಷ್ಟ: ಸ್ಪೀಕರಿನ ಸದ್ದು ತಾಕಿ ಅದರ ಹೊಟ್ಟೆಯ ಗಾಳಿ ಸುಮಾರು 100 ಹರ್ಟ್ಜ್ ಆಸುಪಾಸಿನಲ್ಲಿ ಗುಂಯ್‌ಗುಡುತ್ತದೆ. ಅದಕ್ಕೇ ಎಷ್ಟೋ ಜನ ಗಿಟಾರಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿಕೊಂಡು ನುಡಿಸುವುದು. ಇಷ್ಟಾಗಿಯೂ ಸೌಂಡ್ ಏರಿಸಿದರೆ ಹರಟುವವರು ತಮ್ಮ ದನಿಯನ್ನೂ ಏರಿಸುತ್ತಾರೆ. ಸುತ್ತ ಗಲಾಟೆಯಿದ್ದರೆ ಮನುಷ್ಯನ ದನಿ ತಾನಾಗಿಯೇ ಏರುತ್ತದೆ.

ಲೆಕ್ಕ ನೋಡಿ. ಮಾಮೂಲಿ ಮಾತು ಒಂದು ಮೀಟರ್ ದೂರಕ್ಕೆ ಸುಮಾರು 60 ಡೆಸಿಬಲ್. ಬಯಲಿನಲ್ಲಿ ಸಾಧಾರಣ ಸ್ಪೀಕರಿನ ಸದ್ದು, ದೂರ ಎರಡರಷ್ಟಾದ ಹಾಗೆಲ್ಲ 6 ಡೆಸಿಬಲ್ ಇಳಿಯುತ್ತದೆ. ವೇದಿಕೆಯಿಂದ ಹೊರಟ ಪಿಸುಮಾತಿನಂಥ ಸಾಲು ನಲವತ್ತು ಮೀಟರ್ ದಾಟಿ ಬರುವಷ್ಟರಲ್ಲಿ ನಿಮ್ಮ ಭುಜದ ಪಕ್ಕದವನ ಮಾತೇ ಗೆಲ್ಲುತ್ತದೆ. ವಿಡಿಯೋ ತೆಗೆಯುತ್ತ ಮಾತಾಡುವವರು ಮನೆಗೆ ಹೋಗಿ ಕೇಳಿ ನೋಡಲಿ: ಫೋನಿನ ಮೈಕಿಗೆ ಹತ್ತಿರವಿರುವುದು ಅವರದೇ ಬಾಯಿ.

ಎಲ್ಲಿ ನಿಲ್ಲಬೇಕು ಅಂತ ಕೇಳುವವರಿಗೆ: ಸೌಂಡ್ ಇಂಜಿನಿಯರ್ ಕೂತ ಮಿಕ್ಸಿಂಗ್ ಕಟ್ಟೆಯ ಮುಂದೆ, ಆದಷ್ಟು ನಡುವೆ. ಅವರು ತಮ್ಮ ಕಿವಿಗೆ ಸರಿಹೋಗುವಂತೆಯೇ ಹದ ಮಾಡುವುದು. ತೀರ ಮುಂದೆ ಹೋದರೆ ಎದುರಿಗಿರುವ ಸಬ್‌ವೂಫರ್ (ತಗ್ಗು ಸ್ವರದ ದೊಡ್ಡ ಸ್ಪೀಕರ್) ಎದೆಗೆ ಗುದ್ದುತ್ತದೆ, ತಲೆಯ ಮೇಲೆ ತೂಗುಹಾಕಿದ ಸ್ಪೀಕರಿನ ದನಿ ಹಿಂದಕ್ಕೆ ಹಾರಿಹೋಗುತ್ತದೆ. ಬಾರ್ ಕೌಂಟರಿನ ಹತ್ತಿರವಂತೂ ಬೇಡವೇ ಬೇಡ.

"ದುಡ್ಡು ಕೊಟ್ಟಿದೀವಿ, ಮಾತಾಡೋದು ನಮ್ಮಿಷ್ಟ" ಅನ್ನುವ ವಾದವೂ ಇದೆ. ಪಕ್ಕದವರು ಬಿಟ್ಟಿ ಬಂದಿಲ್ಲ. ಮೈಸೂರು, ಹಾಸನದಿಂದ ಶನಿವಾರ ಮಧ್ಯಾಹ್ನದ ಬಸ್ ಹತ್ತಿ ಬಂದವರಿರುತ್ತಾರೆ. ಬಯಲಿನಲ್ಲಿ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಲೇಬೇಕು, 2000ದ ಶಬ್ದಮಾಲಿನ್ಯ ನಿಯಮ ಅದು. ಆಮೇಲೆ ಅವರು ಕೊನೆಯ ಮೆಟ್ರೋ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಬೇಕು. ಇಷ್ಟು ಒದ್ದಾಡಿ ಬಂದವರಿಗೆ ನಿಮ್ಮ ಆಫೀಸಿನ ಅಪ್ರೈಸಲ್ ಕಥೆ ಯಾಕೆ?

ಸುಗಮ ಸಂಗೀತದ ಸಿ. ಅಶ್ವತ್ಥ್ 2005ರಲ್ಲಿ ಅರಮನೆ ಮೈದಾನದಲ್ಲಿ ಸಾವಿರಾರು ಜನರ ಮುಂದೆ ಹಾಡಲಿಲ್ಲವೇ ಅಂದರೆ, ಹಾಡಿದರು. ಆದರೆ ಅದು ಎಲ್ಲರೂ ಜೊತೆಗೂಡಿ ಹಾಡುವ ಹಬ್ಬ, ಆ ಕಂಠವೂ ಬಯಲನ್ನು ತುಂಬುವಂಥದ್ದು. ಇದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಪಿಸುದನಿಯ ಹಾಡಿಗೆ ಬೇಕಾದದ್ದು ಚೌಡಯ್ಯ ಮೆಮೋರಿಯಲ್ ಹಾಲ್‌ನಂಥ ಜಾಗ, ಗೋಡೆ, ಕುರ್ಚಿ.

ಇದೇ ಊರಿನ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಜನ ಬೈದುಕೊಂಡಾದರೂ ಕಲಿತಿದ್ದಾರೆ, ಹೊತ್ತಿಗೆ ಮುಂಚೆ ಬಂದು ಕೂರುತ್ತಾರೆ. ಕಾನ್ಸರ್ಟ್ ಮಾಡುವವರಿಗೂ ಇದು ಆಗದ ಕೆಲಸವಲ್ಲ. ಬಾರನ್ನು ಸ್ಪೀಕರಿಗೆ ಬೆನ್ನಾಗಿ, ದೂರದ ಮೂಲೆಯಲ್ಲಿಡಿ. ಟಿಕೆಟಿನ ಮೇಲೆಯೇ "ಹಾಡುವಾಗ ಮಾತು ಬೇಡ" ಅಂತ ಅಚ್ಚು ಹಾಕಿ. ಗಾಯಕ ಒಬ್ಬನೇ ಗಿಟಾರ್ ಹಿಡಿದು ಕೂರುವ ನಾಲ್ಕೈದು ಹಾಡು ಇರುತ್ತದಲ್ಲ, ಆ ಇಪ್ಪತ್ತು ನಿಮಿಷ ಕೌಂಟರ್ ಮುಚ್ಚಿ.