ಕಿಟಕಿಯಲ್ಲಿ ನಾಲ್ಕು ಸಾವಿರ

ಮಗಳ ಫಿಸಿಕ್ಸ್ ಗೈಡ್ ಬರೆದ ಪುಣ್ಯಾತ್ಮ ಯಾರೋ ಏನೋ. ಮಡಿಕೇರಿ ನೋಡಲು ಬಂದರೆ ಬರಲಿ, ನಮ್ಮ ಮನೆ ಕಡೆ ಮಾತ್ರ ಬರುವುದು ಬೇಡ. ಲೆಕ್ಕ ಇಷ್ಟೇ. 0.02 ಟೆಸ್ಲಾ ಕಾಂತಕ್ಷೇತ್ರಕ್ಕೆ ನೇರ ಅಡ್ಡವಾಗಿ ಒಂದು ಸುತ್ತು ತಂತಿ ಇಟ್ಟಿದ್ದಾರೆ, ವಿಸ್ತೀರ್ಣ 20 ಚದರ ಸೆಂಟಿಮೀಟರ್. ಅದರೊಳಗೆ ಹಾಯುವ ಮ್ಯಾಗ್ನೆಟಿಕ್ ಫ್ಲಕ್ಸ್, ಅಂದರೆ ಒಟ್ಟು ಕಾಂತದ ಹರಿವು, ಎಷ್ಟು? ಅದನ್ನು ಅಳೆಯಲು ಕ್ಲಾಸಿನಲ್ಲಿ ಕಲಿಸಿದ ಯೂನಿಟ್ ವೆಬರ್. ಕೊಟ್ಟಿರುವ ನಾಲ್ಕು ಉತ್ತರಗಳೂ ಮ್ಯಾಕ್ಸ್‌ವೆಲ್ ಅನ್ನುವ ಹಳೇ ಯೂನಿಟ್‌ನಲ್ಲಿ!

ಅದೂ ಯಾವಾಗ? ಜುಲೈ ತಿಂಗಳ ರಾತ್ರಿ. ಎಲ್ಲೋ ಮರ ಬಿದ್ದು ಕರೆಂಟ್ ಹೋಗಿದೆ, ಇನ್ವರ್ಟರ್ ಕುಂಯ್ ಅಂತಿದೆ. ನೆಟ್‌ವರ್ಕ್ ಬೇಕಾದರೆ ಗೇಟಿನ ತನಕ ಹೋಗಬೇಕು, ಹೋದರೆ ಜಿಗಣೆ ಸುಮ್ನೆ ಬಿಡುತ್ತಾ? ಹಾಗಾಗಿ ಇದ್ದ ತಲೆಯಲ್ಲೇ ಲೆಕ್ಕ ಮಾಡಿದೆವು. ಒಂದು ಟೆಸ್ಲಾ ಅಂದರೆ 10,000 ಗೌಸ್. ಒಂದು ಗೌಸ್ ಒಂದು ಚದರ ಸೆಂಟಿಮೀಟರ್‌ನಲ್ಲಿ ಹಾಯ್ದರೆ ಒಂದು ಮ್ಯಾಕ್ಸ್‌ವೆಲ್. 200 ಗೌಸ್, 20 ಚದರ ಸೆಂಟಿಮೀಟರ್, ಒಟ್ಟು 4000 ಮ್ಯಾಕ್ಸ್‌ವೆಲ್. ಅದನ್ನೇ ವೆಬರ್‌ನಲ್ಲಿ ಬರೆದರೆ 0.00004. ಒಂದು ಕಡೆ ಸಂಬಳದ ಹಾಗೆ, ಇನ್ನೊಂದು ಕಡೆ ತಿಂಗಳ ಕೊನೆಯ ಹಾಗೆ.

ಒಂದು ವೆಬರ್‌ಗೆ ಹತ್ತು ಕೋಟಿ ಮ್ಯಾಕ್ಸ್‌ವೆಲ್. ಇದರಲ್ಲಿ ನನಗೆ ಜಾಸ್ತಿ ಬೇಜಾರು ವಿಜ್ಞಾನಿ ಮ್ಯಾಕ್ಸ್‌ವೆಲ್ ಬಗ್ಗೆ. ವಿದ್ಯುತ್ತು, ಕಾಂತ, ಬೆಳಕು ಮೂರನ್ನೂ ಒಂದೇ ಸೂತ್ರಕ್ಕೆ ಪೋಣಿಸಿ 48ನೇ ವಯಸ್ಸಿಗೆ ಹೋಗಿಬಿಟ್ಟ ಮನುಷ್ಯ. ಅವರ ಹೆಸರಿಗೆ ಸಿಕ್ಕಿದ್ದು ಈ ಧೂಳಿನಷ್ಟು ಯೂನಿಟ್. ಇನ್ನೊಂದು ಯೂನಿಟ್‌ಗೆ ಹೆಸರು ಕೊಟ್ಟ ಜರ್ಮನಿಯ ವಿಜ್ಞಾನಿ ವೆಬರ್ ಪಾಡೂ ಅಷ್ಟೇನೂ ಸುಖದ್ದಲ್ಲ ಅನ್ನಿ. 1837ರಲ್ಲಿ ಹ್ಯಾನೋವರ್‌ನ ರಾಜ ಸಂವಿಧಾನ ರದ್ದು ಮಾಡಿದಾಗ ಆಗಲ್ಲ ಅಂತ ಸಹಿ ಹಾಕಿ, ಇನ್ನೂ ಆರು ಜನರ ಜೊತೆ ಮೇಷ್ಟ್ರ ಕೆಲಸ ಕಳೆದುಕೊಂಡವರು.

ಇಷ್ಟೊತ್ತಿಗೆ ಮಾವ ಬಂದರು.

ನಮ್ಮ ಮಾವನ ಬಗ್ಗೆ ಹೇಳಲೇಬೇಕು. ಅಂಗಳದಲ್ಲಿ ಮಳೆ ಅಳೆಯುವ ರೈನ್ ಗೇಜ್ ಅವರ ಪಾಲಿಗೆ ದೇವರಮನೆ. ಬೆಳಿಗ್ಗೆ ಎದ್ದು ಕೊಡೆ ಹಿಡಿದು ಹೋಗಿ, ಕನ್ನಡಕ ಹಣೆಗೇರಿಸಿ, ಗಾಜಿನ ಅಳತೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಉಸಿರು ಬಿಗಿಹಿಡಿಯುತ್ತಾರೆ. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಮಿಕ್ಸಿ ಹಾಕಬಾರದು. ಆಮೇಲೆ ಡೈರಿಗೆ ಬರೆಯುವುದು: 2 ಇಂಚು 35 ಸೆಂಟ್. ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. ಆಮೇಲೆ ಸಿದ್ದಾಪುರದ ಸ್ನೇಹಿತರಿಗೆ ಫೋನ್. ಅವರಲ್ಲಿ ಯಾವಾಗಲೂ ಹತ್ತು ಸೆಂಟ್ ಜಾಸ್ತಿಯೇ ಬಿದ್ದಿರುತ್ತದೆ. ಫೋನ್ ಇಟ್ಟ ಮೇಲೆ ಮಾವ ತಿಂಡಿಗೆ ಕೂತರೂ ಮಾತಾಡುವುದಿಲ್ಲ. ಟೀವಿಯವರು ಮಿಲಿಮೀಟರ್ ಅಂದರಂತೂ ಚಾನೆಲ್ಲೇ ಬದಲಾಗುತ್ತದೆ. "ಮಿಲಿಮೀಟರ್ ಎಲ್ಲ ಸ್ಕೂಲ್ ಮಕ್ಕಳ ಸ್ಕೇಲಿಗೆ" ಅಂತಾರೆ.

ನಗು ಬರುತ್ತದೆ, ಆದರೆ ಪೂರ್ತಿ ನಗಲೂ ಆಗುವುದಿಲ್ಲ. ಮಾರ್ಚಿನಲ್ಲಿ "ಒಂದು ಇಂಚು ಬಂತು" ಅಂದರೆ ಮಾವನ ಕಣ್ಣಿಗೆ ಕಾಣುವುದು ನೀರಲ್ಲ, ವಾರ ಹತ್ತು ದಿನದಲ್ಲಿ ಬೆಳ್ಳಗಾಗುವ ಕಾಫಿ ತೋಟ. ಹಳೆಯ ಡೈರಿಗಳಲ್ಲಿ ಕೆಲವು ಕಡೆ ಅತ್ತೆಯ ಅಕ್ಷರವಿದೆ: 98 ಸೆಂಟ್, ಹೂವಿಗೆ ಸಾಕು. ಈಗ ಆ ಪುಟಗಳನ್ನು ಮಾವ ಒಬ್ಬರೇ ತುಂಬಿಸುತ್ತಾರೆ. 25.4 ಮಿಲಿಮೀಟರ್ ಅಂದರೆ ಅದೆಲ್ಲ ಎಲ್ಲಿ ಬರುತ್ತದೆ?

ಸರಿ, ಮಾವ ಗೈಡ್ ನೋಡಿದರು. "ಹತ್ತು ಕೋಟಿನಾ? ಯಾರು ಎಣಿಸಿದ್ದು?"

"ಎಣಿಸಿದ್ದಲ್ಲ ಅಜ್ಜ, ಯೂನಿಟ್ ಅಷ್ಟೇ."

"ಇಂಚಿನಲ್ಲಿ ಇಲ್ವಾ?"

ಇದೆ! ಅದೇ ನನ್ನ ಹೊಟ್ಟೆಯುರಿ. ಹಳೆಯ ಇಂಗ್ಲಿಷ್ ಮೋಟಾರ್ ಪುಸ್ತಕಗಳಲ್ಲಿ ಮ್ಯಾಕ್ಸ್‌ವೆಲ್‌ಗೆ ಲೈನ್ ಅಂತಾರೆ, ಚದರ ಇಂಚಿಗೆ ಇಷ್ಟು ಲೈನ್ ಅಂತ ಅಳೆಯುತ್ತಾರೆ. ಒಂದು ಟೆಸ್ಲಾ ಅಂದರೆ ಚದರ ಇಂಚಿಗೆ 64,516 ಲೈನ್. ಮಗಳು ಬಾಯಿತಪ್ಪಿ ಅದನ್ನು ಹೇಳಿಬಿಟ್ಟಳು. ಮಾವ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ರಾತ್ರಿ ಹತ್ತಾಯಿತು, ಅಕ್ಕಿರೊಟ್ಟಿ ತಣ್ಣಗಾಯಿತು. ನಮ್ಮ ಮನೆಯಲ್ಲಿ ಈ ಫ್ಲಕ್ಸ್ ಎಲ್ಲಿದೆ, ತೋರಿಸು ಅಂತ ಹಠ.

ಅವಳು ಕಿಟಕಿ ತೋರಿಸಿದಳು. ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಸುಮಾರು 0.4 ಗೌಸ್. ಅದರ ರೇಖೆಗಳು ಇಲ್ಲಿ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತವೆ. ಊಟದ ಕೋಣೆಯ ಕಿಟಕಿ ಉತ್ತರಕ್ಕೇ ಇದೆ, ಹಾಗಾಗಿ ರೇಖೆಗಳು ನೇರ ಅದರೊಳಗೇ ಹಾಯುತ್ತವೆ. ಕಿಟಕಿ ಒಂದು ಚದರ ಮೀಟರ್ ಇದ್ದೀತು. ಅಲ್ಲಿಗೆ ಅದೂ ಸುಮಾರು 4000 ಮ್ಯಾಕ್ಸ್‌ವೆಲ್. 0.00004 ವೆಬರ್ ಅನ್ನುವ ವಿಷಯ ಅವಳು ಹೇಳಲಿಲ್ಲ, ಜಾಣೆ.

ಬೆಳಿಗ್ಗೆ ಫೋನ್ ಶುರುವಾಯಿತು. "ನಮ್ಮಲ್ಲಿ ಮಳೆ 1 ಇಂಚು 80. ಕಿಟಕಿಯಲ್ಲಿ ನಾಲ್ಕು ಸಾವಿರ." ಆ ಕಡೆಯಿಂದ ಏನೇನೋ ಪ್ರಶ್ನೆ. ಮಾವ ಸಮಾಧಾನದಿಂದ ಎಲ್ಲವನ್ನೂ ವಿವರಿಸಿದರು. ಸ್ವಲ್ಪ ಹೊತ್ತು ಮೌನ. ಸಿದ್ದಾಪುರದವರು ಬಿಡುತ್ತಾರಾ? ಅವರ ಮನೆಯ ಕಿಟಕಿ ದೊಡ್ಡದಂತೆ, ಆರು ಸಾವಿರ ಬಂದೇ ಬರುತ್ತದಂತೆ.

ಮಾವ ಕಾಫಿ ಲೋಟ ಮೆಲ್ಲಗೆ ಕೆಳಗಿಟ್ಟರು. "ನಿಮ್ಮ ಕಿಟಕಿ ಪೂರ್ವಕ್ಕಲ್ವಾ ಇರೋದು? ಹಾಗಾದ್ರೆ ಸೊನ್ನೆ ಅಂತ ಬರ್ಕೊಳ್ಳಿ."