ನೀರಿಲ್ಲ ಅನ್ನೋದು ಅರ್ಧ ಸತ್ಯ

ಯಾದಗಿರಿ ಜಿಲ್ಲೆಯ ಗುಳೆ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ‘ಯಾದಗಿರಿಯಲ್ಲಿ ನೀರಿಲ್ಲ, ಅದಕ್ಕೇ ಜನ ಗುಳೆ ಹೋಗುತ್ತಾರೆ’ ಎಂದು ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಇದನ್ನು ಒಪ್ಪೋದು ಕಷ್ಟ. ಕೃಷ್ಣಾ, ಭೀಮಾ ಎರಡೂ ಇರುವ ಜಿಲ್ಲೆ ಇದು. 1982ರಲ್ಲಿ ಕೃಷ್ಣಾ ನದಿಗೆ ನಾರಾಯಣಪುರದ ಬಸವಸಾಗರ ಅಣೆಕಟ್ಟು ಆದ ಮೇಲೆ ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರ ಕಡೆ ನೀರೂ ಬಂತು. ಯಾರ ಹೊಲಕ್ಕೆ ಬಂತು ಅನ್ನೋದೇ ಜಗಳ.

ಈ ಅಣೆಕಟ್ಟು, ಕಾಲುವೆ ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆ ರೂಪಿಸಿದ್ದು ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಈಗ ಕಾಲುವೆಯ ಮೇಲ್ಭಾಗದಲ್ಲಿ ಎಲ್ಲಿ ನೋಡಿದರೂ ಭತ್ತ. ನೀರು ಬಾಗಿಲಿಗೆ ಬಂದಾಗ ಯಾರು ತಾನೇ ಭತ್ತ ಬಿಡುತ್ತಾರೆ, ಸುಮ್ನೆ ಬೈದು ಪ್ರಯೋಜನವಿಲ್ಲ. ಆದರೆ ಕಾಲುವೆಯ ಕೊನೆಯಲ್ಲಿರುವವರ ಗತಿ? ನಮ್ಮ ಮಾವನವರ ಹೊಲ ಅಲ್ಲೇ ಇದೆ. ವಾರಬಂದಿ (ಹೊಲಗಳಿಗೆ ಸರದಿಯಲ್ಲಿ ನೀರು ಬಿಡುವ ಪದ್ಧತಿ) ಪ್ರಕಾರ ಸರದಿ ಬರುತ್ತದೆ, ನೀರು ಮಾತ್ರ ಬರುವುದಿಲ್ಲ. ಮೇಲಿನವರು ಪಂಪ್‌ಸೆಟ್ ಇಟ್ಟು ಎಳೆದುಕೊಂಡಿರುತ್ತಾರೆ. ಹಾಗೆ ಎಳೆದ ನೀರು ನಿಂತು ಅವರ ಕಪ್ಪು ಮಣ್ಣು ಸವುಳಾಗುತ್ತಿದೆ (ಉಪ್ಪೇರಿ ಕೆಡುತ್ತಿದೆ), ಅದು ಬೇರೆ ಕಥೆ.

ಇದೇ ಜಿಲ್ಲೆಯ ಗುರುಮಠಕಲ್ ತಾಲ್ಲೂಕಿನ ಕಡೆಯದು ಇನ್ನೊಂದು ಲೆಕ್ಕ. ಭೀಮೆಯ ಆಚೆ, ಗುಡ್ಡಗಾಡು, ಕೆಂಪು ಮಣ್ಣು. ಈ ಕಾಲುವೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಮಳೆ ನಂಬಿ ತೊಗರಿ, ಜೋಳ ಹಾಕುತ್ತಾರೆ. ರಾಶಿ (ಒಕ್ಕಣೆ) ಮುಗಿದ ಮೇಲೆ ಲಂಬಾಣಿ ತಾಂಡಾಗಳಿಂದ ಹೈದರಾಬಾದ್, ಬೆಂಗಳೂರು, ಮುಂಬೈ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಇವರಿಗೂ, ಕಾಲುವೆ ಕಣ್ಣೆದುರೇ ಇದ್ದು ಗುಳೆ ಹೋಗುವ ನಮ್ಮ ಮಾವನ ಊರಿನವರಿಗೂ ಒಂದೇ ಕಾರಣ ಕೊಟ್ಟರೆ ಹೇಗೆ? ಒಬ್ಬರಿಗೆ ಕೆರೆ ಬೇಕು, ಇನ್ನೊಬ್ಬರಿಗೆ ಕಾಲುವೆ ಗೇಟಿನ ಹತ್ತಿರ ಸರಿಯಾಗಿ ಕಾಯುವವರು ಬೇಕು. ಮುಂದಿನ ಲೇಖನದಲ್ಲಾದರೂ ತಾಲ್ಲೂಕುವಾರು ಬರೆಯಿರಿ.