ಕಾಂಬಿನೇಷನ್ ಯಾವ್ದು ಪುಟ್ಟಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪೇಪರಿನಲ್ಲಿ ಫಲಿತಾಂಶದ ಸುದ್ದಿ ಹುಡುಕುವುದೇ ಒಂದು ಪರೀಕ್ಷೆ. ಮೊದಲ ಪುಟ ಜಾಹೀರಾತು. ತಿರುಗಿಸಿದರೆ ಅದರ ಬೆನ್ನಿಗೂ ಜಾಹೀರಾತು. ಇನ್ನಾದರೂ ಸುದ್ದಿ ಬರಬಹುದು ಅಂದುಕೊಂಡರೆ ಅಲ್ಲಿ ಅರ್ಧ ಪುಟ ಪಿಯು ಕಾಲೇಜು. ಸ್ಟಾಂಪಿನಷ್ಟು ಫೋಟೊಗಳು ಸಾಲು ಸಾಲಾಗಿ. ಯಾವ ಮಗುವೂ ನಗುತ್ತಿಲ್ಲ. ಪಾಸ್‌ಪೋರ್ಟ್ ಫೋಟೊ ಅಲ್ವಾ, ನಗಬಾರದು. ಕೆಳಗೆ ಹೆಸರು ಸಣ್ಣಕ್ಕೆ, ಅಂಕ ದಪ್ಪಕ್ಕೆ.

ನಾನು ಮಾತ್ರ ಈ ಜಾಹೀರಾತುಗಳನ್ನು ಬಿಡದೆ ಓದುತ್ತೇನೆ. ಪಿಯು, ನೀಟ್ ಫಲಿತಾಂಶದ ದಿನಗಳಲ್ಲಂತೂ ಹಬ್ಬ. ಮೂರು ಪೇಪರು ಪಕ್ಕಪಕ್ಕ ಹರಡಿಕೊಂಡು ಒಂದೇ ಮುಖ ಎಷ್ಟು ಸಂಸ್ಥೆಗಳಲ್ಲಿದೆ ಎಂದು ಹುಡುಕುವುದು. ಸಿಕ್ಕೇ ಸಿಗುತ್ತದೆ. ಒಂದು ಕಡೆ ಆ ಮಗು ಎರಡು ವರ್ಷ ಕ್ಲಾಸಿಗೆ ಹೋಗಿದೆ. ಇನ್ನೊಂದು ಕಡೆ ಟೆಸ್ಟ್ ಸೀರೀಸ್ ಬರೆದಿದೆ. ಮೂರನೆಯ ಕಡೆ ಬಹುಶಃ ವಿಳಾಸ ಕೇಳಲು ಒಳಗೆ ಹೋಗಿತ್ತು. ಇಂಥದ್ದು ಮಾಡಬೇಡಿ, ಟಾಪರ್ ಯಾವ ಕೋರ್ಸು ಓದಿದ್ದ, ಎಷ್ಟು ದಿನದ್ದು ಎಂದು ಎದ್ದು ಕಾಣುವಂತೆ ಹಾಕಿ, ಫೋಟೊಗೆ ಲಿಖಿತ ಒಪ್ಪಿಗೆ ತಗೊಳ್ಳಿ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದು ಕೋಚಿಂಗ್ ಸೆಂಟರುಗಳಿಗೆ. ನಮ್ಮಲ್ಲಿ ಕೋಚಿಂಗ್ ಸೆಂಟರುಗಳೆಲ್ಲಿವೆ? ಇರುವುದೆಲ್ಲ ಪಿಯು ಪಾಠದ ಜೊತೆಗೇ ಕೋಚಿಂಗ್ ಕೊಡುವ 'ಇಂಟಿಗ್ರೇಟೆಡ್ ಪಿಯು ಕ್ಯಾಂಪಸ್'.

ಇರಲಿ. ಈ ತಿಂಗಳಲ್ಲಿ ಹದಿನಾರು ವರ್ಷದ ಮಕ್ಕಳು ಮನೆಯಿಂದ ಹೊರಗೆ ಬರದಿರುವುದು ಒಳ್ಳೆಯದು. ಹಾಲಿನ ಬೂತು, ಮದುವೆ ಮನೆ, ಲಿಫ್ಟು, ಎಲ್ಲಿ ಹೋದರೂ 'ಎಷ್ಟು ಬಂತು?' ಅದು ಮುಗಿಯುತ್ತಿದ್ದಂತೆ 'ಕಾಂಬಿನೇಷನ್ ಯಾವ್ದು ಪುಟ್ಟಾ?' ಅಂದರೆ ಪಿಯುನಲ್ಲಿ ಯಾವ ನಾಲ್ಕು ವಿಷಯ ಎಂದು. ಪುಟ್ಟ ಬಾಯಿ ತೆರೆಯುವ ಮೊದಲೇ ಕೇಳಿದವರದ್ದೇ ಉತ್ತರ: 'ಪಿಸಿಎಂಬಿ ತಗೊಂಬಿಡು. ಸೇಫು.'

ಪಿಸಿಎಂಬಿ ಅಂದರೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಬಯಾಲಜಿ. ಈ ಸೇಫಿನ ಲೆಕ್ಕ ಬಹಳ ಸರಳ. ಡಾಕ್ಟರಾಗದಿದ್ದರೆ ಎಂಜಿನಿಯರು. ಅದೂ ಆಗದಿದ್ದರೆ ಅಗ್ರಿ, ವೆಟರ್ನರಿ, ಫಾರ್ಮಸಿ. ಯಾವುದೂ ಆಗದಿದ್ದರೆ ಬಿಎಸ್ಸಿ. ಕೊನೆಗೆ ಬಿಕಾಂ ಎಲ್ಲಿ ಓಡಿಹೋಗುತ್ತದೆ? 'ರಕ್ತ ನೋಡಿದರೆ ತಲೆ ತಿರುಗುತ್ತೆ ಅಂಕಲ್' ಎಂದು ಮಗು ಹೇಳಿದರೆ 'ಅಭ್ಯಾಸ ಆಗುತ್ತೆ ಬಿಡು' ಎನ್ನುತ್ತಾರೆ. 'ನನಗೆ ಬಯಾಲಜಿ ಇಷ್ಟ ಇಲ್ಲ' ಎಂದರೆ 'ಇಷ್ಟ ಯಾರು ಕೇಳಿದ್ರು, ಸುಮ್ನೆ ಒಂದು ಇರಲಿ' ಎನ್ನುತ್ತಾರೆ. ಡಾರ್ವಿನ್‌ನಿಂದ ಡಿಎನ್‌ಎವರೆಗಿನ ಇಡೀ ಜೀವವಿಜ್ಞಾನ ಈ ರಾಜ್ಯದಲ್ಲಿ 'ಸುಮ್ನೆ ಒಂದು ಇರಲಿ' ಎಂಬ ಕಾರಣಕ್ಕೆ ಬದುಕಿದೆ.

ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ಅಂದರೆ ಮನೆಯಲ್ಲಿ ಆಗಲೇ ಒಬ್ಬ ಸಾಫ್ಟ್‌ವೇರಿನವನಿದ್ದಾನೆ ಎಂದರ್ಥ. ಕಾಮರ್ಸಿನ ಸಿಇಬಿಎ, ಎಸ್‌ಇಬಿಎ ಅಂದರೆ 'ಓಹ್, ಸಿಎ ಮಾಡಿಸ್ತೀರಾ?' ಎಂಬ ಸಣ್ಣ ಗೌರವ. ಎಚ್‌ಇಪಿಎಸ್ ಅಂದು ನೋಡಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಎದುರಿಗಿದ್ದವರ ದನಿ ಸಾವಿನ ಮನೆಯ ಮಟ್ಟಕ್ಕೆ ಇಳಿಯುತ್ತದೆ. 'ಯಾಕೆ, ಮಾರ್ಕ್ಸ್ ಕಮ್ಮಿ ಬಂತಾ?' ಮಾರ್ಕ್ಸ್ ಚೆನ್ನಾಗಿಯೇ ಬಂದಿದೆ, ಮಗಳಿಗೆ ಇತಿಹಾಸ ಇಷ್ಟ ಎಂದು ತಾಯಿ ಹೇಳಿದರೆ ಇನ್ನೂ ಕಷ್ಟ. 'ಪರವಾಗಿಲ್ಲ ಬಿಡಿ, ಈಗ ಅದಕ್ಕೂ ಸ್ಕೋಪ್ ಇದೆಯಂತೆ' ಎಂದು ಸಮಾಧಾನ ಮಾಡಿ ಹೊರಡುತ್ತಾರೆ.

ಆಮೇಲೆ ಏನಾಗುತ್ತದೆ ನೋಡಿ. ಪಿಸಿಎಂಬಿ ತಗೊಂಡ ಹುಡುಗ ಎರಡು ವರ್ಷ ಹಾಸ್ಟೆಲಿನಲ್ಲಿ ಬೆಳಗ್ಗೆ ಐದಕ್ಕೆ ಎದ್ದು, ಅಪ್ಪನ ಸಾಲದಲ್ಲಿ ನಾಲ್ಕು ವರ್ಷ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ವಿಜಯನಗರಕ್ಕೋ ಧಾರವಾಡಕ್ಕೋ ಬಂದು ಪಿಜಿ ಹಿಡಿಯುತ್ತಾನೆ. ಕೆಎಎಸ್ ತಯಾರಿ. ಅಲ್ಲಿ ಅವನ ಮೇಜಿನ ಮೇಲೆ ಇರುವುದೇನು? ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ! ಸರ್ಕಾರಿ ಪಿಯು ಕಾಲೇಜಿನಲ್ಲಿ ಹೆಚ್ಚುಕಮ್ಮಿ ಪುಕ್ಕಟೆಗೆ ಸಿಗುತ್ತಿದ್ದ ಎಚ್‌ಇಪಿಎಸ್ಸನ್ನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಫೀಸು ಕೊಟ್ಟು ಓದುತ್ತಾನೆ. ಅದೇ ಅಂಕಲ್ ಈಗ 'ಐಎಎಸ್, ಕೆಎಎಸ್ ಮಾಡ್ತಿದಾನಂತೆ' ಎಂದು ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗುತ್ತಾರೆ. ಆ ಕೆಎಎಸ್ಸಾದರೂ ನೆಟ್ಟಗೆ ನಡೆಯುತ್ತದಾ? 384 ಹುದ್ದೆಗಳ ಪ್ರಿಲಿಮ್ಸ್ 2024ರ ಆಗಸ್ಟ್ 27ಕ್ಕೆ ಒಂದು ಸಲ, ಇಂಗ್ಲಿಷಿನಿಂದ ಅನುವಾದಿಸಿದ ಕನ್ನಡದ ಪ್ರಶ್ನೆಗಳು ಯಾರಿಗೂ ಅರ್ಥವಾಗಲಿಲ್ಲವೆಂದು ಡಿಸೆಂಬರ್ 29ಕ್ಕೆ ಇನ್ನೊಂದು ಸಲ. ಎರಡನೇ ಸಲವೂ ಅರ್ಥವಾಗಲಿಲ್ಲ. ಬಯಾಲಜಿ ಇಟ್ಟುಕೊಂಡದ್ದು ಇಲ್ಲೂ ಉಪಯೋಗಕ್ಕೆ ಬರಲಿಲ್ಲ.

ಭಾಷೆ ಅಂದಾಗ ನೆನಪಾಯಿತು. ಪಿಯುನಲ್ಲಿ ಎರಡು ಭಾಷೆ ಇರುತ್ತವಲ್ಲ, ಒಂದು ಇಂಗ್ಲಿಷ್. ಇನ್ನೊಂದಕ್ಕೆ ಕನ್ನಡ ಅಂದುಕೊಂಡರೆ ನೀವು ಹಳೇ ಕಾಲದವರು. ಸೈನ್ಸ್ ಸೆಕ್ಷನ್ನಿನಲ್ಲಿ ಸಂಸ್ಕೃತಕ್ಕೆ ಬೇಡಿಕೆ ಜಾಸ್ತಿ. ಕಾಳಿದಾಸನ ಮೇಲೆ ಪ್ರೀತಿ ಉಕ್ಕಿದೆ ಎಂದು ಯಾರೂ ಭ್ರಮೆಪಡಬೇಕಿಲ್ಲ. ಆ ಪತ್ರಿಕೆಗೆ ಸಂಸ್ಕೃತದಲ್ಲೇ ಉತ್ತರ ಬರೆಯಬೇಕೆಂದಿಲ್ಲ, ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು. ನೂರಕ್ಕೆ ನೂರು ಬೀಳುತ್ತದೆ. ದೇವಭಾಷೆ ಇಷ್ಟು ಸುಲಭಕ್ಕೆ ಒಲಿಯುತ್ತದೆಂದು ಗೊತ್ತಿದ್ದರೆ ಹಿಂದಿನವರು ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಕೂರುತ್ತಿರಲಿಲ್ಲ. ಟಾಪರ್ ಪಟ್ಟಿ ನೋಡಿ 'ನಮ್ಮ ಮಕ್ಕಳಲ್ಲಿ ಸಂಸ್ಕಾರ ಬೆಳೀತಿದೆ' ಎಂದು ಭಾಷಣ ಮಾಡುವವರಿದ್ದಾರೆ. ಬೆಳೆಯಲಿ.

ಇನ್ನು 'ಮುಂದಿನ ಪ್ಲಾನ್ ಏನು' ಎಂಬ ಪ್ರಶ್ನೆ. ಎಂಟನೇ ಕ್ಲಾಸಿನ ಮಗುವಿಗೂ ಪ್ಲಾನ್ ಇರಬೇಕಂತೆ. ಫೌಂಡೇಷನ್ ಕೋರ್ಸ್ ಆರನೇ ಕ್ಲಾಸಿಗೇ ಶುರು. ಹದಿನಾರು ವರ್ಷ ತುಂಬದವರನ್ನು, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸದವರನ್ನು ಕೋಚಿಂಗಿಗೆ ಸೇರಿಸಿಕೊಳ್ಳಬೇಡಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲೇ ಹೇಳಿತು. ಹೇಳುವುದು ಅವರ ಧರ್ಮ, ಹೇಳಿದರು. ಫಲಿತಾಂಶಕ್ಕೆ ಮೊದಲೇ ಪ್ರವೇಶ ಕೊಡಬಾರದು ಎಂದು ನಮ್ಮ ಇಲಾಖೆಯೂ ಹೇಳುತ್ತಿರುತ್ತದೆ. ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಪಕ್ಕದ ಕೌಂಟರಿನಲ್ಲಿ ಡಿಸೆಂಬರಿನಲ್ಲೇ ಸೀಟ್ ಬ್ಲಾಕಿಂಗ್ ನಡೆಯುತ್ತದೆ.

ಮಗುವಿಗೆ ಪ್ಲಾನ್ ಬೇಕು, ಒಪ್ಪಿದೆ. ಪ್ಲಾನ್ ಕೇಳುವವರದ್ದು ಹೇಗಿದೆ?

2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಒಳ್ಳೆಯ ಕೆಲಸ. ಫಲಿತಾಂಶ ದಬಕ್ಕನೆ ಬಿತ್ತು. ಬಿದ್ದದ್ದನ್ನು ಎತ್ತಲು ಶೇಕಡಾ 10 ಇದ್ದ ಗ್ರೇಸ್ ಅಂಕ 20 ಆಯಿತು. ಅಷ್ಟು ಎತ್ತಿದರೂ ಹಿಂದಿನ ವರ್ಷದ ಶೇ 83.89 ಹೋಗಿ ಶೇ 73.40ಕ್ಕೆ ನಿಂತಿತು. ಆಮೇಲೆ 2025ರ ಅಕ್ಟೋಬರಿನಲ್ಲಿ ಹೊಸ ಉಪಾಯ: ಪಾಸಾಗಲು 35 ಬೇಡ, 33 ಸಾಕು. 625ಕ್ಕೆ 206 ಬಂದರೆ ದಡ ಸೇರಿದಿರಿ, ಒಂದೊಂದು ವಿಷಯದಲ್ಲಿ 30 ಇದ್ದರಾಯಿತು. ತಲೆಮಾರುಗಳಿಂದ 'ತರ್ಟಿಫೈವ್' ಎಂದು ಬೈಸಿಕೊಂಡ ನಮ್ಮಂಥವರ ಪರಂಪರೆಯನ್ನು ಒಂದು ಪತ್ರಿಕಾಗೋಷ್ಠಿಯಲ್ಲಿ ಮುಗಿಸಿಬಿಟ್ಟರು. ಶಾಲೆಯಲ್ಲಿ ಗಣಿತದ ಮೇಷ್ಟರಿಲ್ಲದಿದ್ದರೆ ಮೇಷ್ಟರನ್ನು ನೇಮಿಸುವುದು ಖರ್ಚಿನ ಬಾಬತ್ತು. ಎರಡು ಅಂಕ ಇಳಿಸಲು ಹಣಕಾಸು ಇಲಾಖೆಯ ಒಪ್ಪಿಗೆ ಬೇಕಿಲ್ಲ.

ಸಿಇಟಿ ಕತೆ ನಿಮಗೆ ಗೊತ್ತೇ ಇದೆ. 2024ರ ಏಪ್ರಿಲ್ 18, 19. ಪುಸ್ತಕದಿಂದ ತೆಗೆದುಹಾಕಿದ ಪಾಠ ಪ್ರಶ್ನೆಪತ್ರಿಕೆಯಿಂದ ಹೋಗಿರಲಿಲ್ಲ. ನಾಲ್ಕು ವಿಷಯದ 240 ಪ್ರಶ್ನೆಗಳಲ್ಲಿ 50 ಪಠ್ಯದ ಹೊರಗಿನವು. ಗಲಾಟೆ ಆಯಿತು, ಸಮಿತಿ ಕೂತಿತು, ಐವತ್ತನ್ನೂ ಕೈಬಿಟ್ಟು ರ‍್ಯಾಂಕ್ ಕೊಟ್ಟರು. ಗೊತ್ತಿಲ್ಲದ ಪ್ರಶ್ನೆಗೆ ತಲೆ ಕೆಡಿಸಿಕೊಂಡು ಸಮಯ ಕಳೆದ ಮಕ್ಕಳಿಗೆ ಆ ನಿಮಿಷಗಳನ್ನು ಯಾರು ವಾಪಸ್ ಕೊಟ್ಟರೋ ಗೊತ್ತಿಲ್ಲ. ಎರಡು ವರ್ಷ ಟೈಮ್‌ಟೇಬಲ್ ಹಾಕಿಕೊಂಡು ಓದಿದ ಹುಡುಗಿಗೆ, ಯಾವ ಪಾಠ ಇದೆ ಯಾವುದು ಇಲ್ಲ ಎಂದು ನೋಡಿಕೊಳ್ಳಲಾಗದ ದೊಡ್ಡವರು 'ಸರಿಯಾಗಿ ಪ್ಲಾನ್ ಮಾಡ್ಕೋಬೇಕಮ್ಮಾ' ಎಂದು ವೆಬಿನಾರಿನಲ್ಲಿ ಹೇಳುತ್ತಾರೆ.

ಪದವಿಯ ಕಡೆ ಬನ್ನಿ, ಇನ್ನೂ ಚೆನ್ನಾಗಿದೆ. 2021ರ ಆಗಸ್ಟಿನಲ್ಲಿ ಇಡೀ ದೇಶದಲ್ಲೇ ಮೊದಲು ನಾವೇ ಎಂದು ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ತಂದೆವು. ನಾಲ್ಕು ವರ್ಷದ ಆನರ್ಸ್. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ. ಕೆಂಪು ಬಸ್ಸಿನ ಹಾಗೆ ಕೈ ತೋರಿಸಿದಲ್ಲಿ ಹತ್ತಬಹುದು, ಸಿಳ್ಳೆ ಹಾಕಿಸಿ ಇಳಿಯಬಹುದು. ಕಾಮರ್ಸಿನವನು ಜಾನಪದ ಓದಬಹುದು, ಎಲ್ಲರೂ 'ಡಿಜಿಟಲ್ ಫ್ಲೂಯೆನ್ಸಿ' ಓದಬೇಕು. ಕಂಪ್ಯೂಟರ್ ಇಲ್ಲದ ಕಾಲೇಜಿನಲ್ಲಿ ಅದನ್ನು ಬೋರ್ಡಿನ ಮೇಲೆ ಬರೆದು ಕಲಿಸಿದ ಮೇಷ್ಟರುಗಳಿಗೆ ನನ್ನ ನಮಸ್ಕಾರ. ಸರ್ಕಾರ ಬದಲಾಯಿತು. 2024ರ ಮೇ ತಿಂಗಳಲ್ಲಿ ಆದೇಶ: ಮತ್ತೆ ಮೂರೇ ವರ್ಷ. ಒಂದೇ ಮನೆಯಲ್ಲಿ ಅಕ್ಕನಿಗೆ ನಾಲ್ಕನೇ ವರ್ಷದ ಆನರ್ಸ್ ಉಂಟು, ತಮ್ಮನಿಗಿಲ್ಲ. ಅಕ್ಕನ ನೋಟ್ಸು ತಮ್ಮನಿಗೆ ಬರುವುದಿಲ್ಲ. ಇಬ್ಬರದೂ ಒಂದೇ ಕಾಲೇಜು, ಒಂದೇ ಬೆಂಚು, ಪಾಠ ಮಾಡುವ ಅತಿಥಿ ಉಪನ್ಯಾಸಕರೂ ಅವರೇ. ಅವರ ನೌಕರಿ ಮಾತ್ರ ಎರಡೂ ನೀತಿಯಲ್ಲಿ ಕಾಯಂ ಆಗಲಿಲ್ಲ.

ಎಂಜಿನಿಯರಿಂಗಿಗೆ ಪಿಯುನಲ್ಲಿ ಗಣಿತ, ಭೌತವಿಜ್ಞಾನ ಕಡ್ಡಾಯವಲ್ಲ, ಹದಿನಾಲ್ಕು ವಿಷಯಗಳಲ್ಲಿ ಯಾವುದಾದರೂ ಮೂರು ಇದ್ದರೆ ಸಾಕು ಎಂದು 2021ರಲ್ಲಿ ತಾಂತ್ರಿಕ ಶಿಕ್ಷಣದ ಮೇಲ್ವಿಚಾರಣೆ ನೋಡುವ ಎಐಸಿಟಿಇಯ ಕೈಪಿಡಿಯೇ ಹೇಳಿತ್ತು. ದೇಶವೆಲ್ಲ ಬೊಬ್ಬೆ ಹಾಕಿದ ಮೇಲೆ 'ನಾವು ಹಾಗಂದಿಲ್ಲ, ಹೀಗಂದದ್ದು' ಎಂದರು. ಈಗ ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯೂ ಹೋಗಿದೆ. ಹಾಗಾಗಿ ಕಂಪ್ಯೂಟರ್ ಸೈನ್ಸ್ ಮರಿ ಹಾಕುತ್ತಿದೆ. ಕಂಪ್ಯೂಟರ್ ಸೈನ್ಸ್ ಬ್ರಾಕೆಟ್ಟಿನಲ್ಲಿ ಎಐ, ಬ್ರಾಕೆಟ್ಟಿನಲ್ಲಿ ಡೇಟಾ ಸೈನ್ಸ್, ಬ್ರಾಕೆಟ್ಟಿನಲ್ಲಿ ಸೈಬರ್ ಸೆಕ್ಯೂರಿಟಿ. ಪಾಠ ಮಾಡುವವರು ಯಾರು ಎಂದು ವಿಚಾರಿಸಿ. ವಿದ್ಯಾರ್ಥಿಗಳಿಲ್ಲದೆ ಖಾಲಿ ಕೂತಿದ್ದ ಬೇರೆ ಬ್ರಾಂಚಿನವರು, ಬ್ರಾಕೆಟ್ಟಿಲ್ಲದವರು, ಸಿಕ್ಕರೂ ಸಿಕ್ಕಾರು.

ನಗು ಇಲ್ಲಿಗೆ ಸಾಕು. ಇದನ್ನೆಲ್ಲ ಆಯ್ಕೆ ಅಂತ ಕರೆಯುವುದು ಊರಿನ ಮಕ್ಕಳಿಗೆ ಮಾಡುವ ಅವಮಾನ. 2025ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಒಂದೇ ರಾಜ್ಯ, ಒಂದೇ ಪ್ರಶ್ನೆಪತ್ರಿಕೆ. ಹತ್ತರವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದ ಹುಡುಗಿಯ ಹೋಬಳಿಯ ಸರ್ಕಾರಿ ಪಿಯು ಕಾಲೇಜಿನಲ್ಲಿ ಸೈನ್ಸ್ ವಿಭಾಗವೇ ಇರುವುದಿಲ್ಲ. ಇದ್ದರೆ ಭೌತವಿಜ್ಞಾನಕ್ಕೆ ಉಪನ್ಯಾಸಕರಿಲ್ಲ. ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ಮೊದಲ ಕಿರುಪರೀಕ್ಷೆ ಮುಗಿದಿರುತ್ತದೆ. ಬಂದವರು ಎಲ್ಲವನ್ನೂ ಇಂಗ್ಲಿಷಿನಲ್ಲಿ ಶುರು ಮಾಡುತ್ತಾರೆ, ಏಕೆಂದರೆ ಪುಸ್ತಕ ಇರುವುದೇ ಹಾಗೆ. ನಿನ್ನೆಯವರೆಗೆ 'ವೇಗೋತ್ಕರ್ಷ' ಎಂದು ಚೆನ್ನಾಗಿ ತಿಳಿದುಕೊಂಡಿದ್ದವಳು ಇವತ್ತು 'ಆಕ್ಸಲರೇಷನ್' ಎದುರು ದಡ್ಡಿ. ಆರು ತಿಂಗಳಲ್ಲಿ ಅವಳಿಗೇ 'ನನ್ನ ತಲೆಗೆ ಸೈನ್ಸ್ ಹತ್ತಲ್ಲ' ಎಂಬ ನಂಬಿಕೆ ಬಂದಿರುತ್ತದೆ. ಆರ್ಟ್ಸಿಗೆ ಹೋಗುತ್ತಾಳೆ. ಇಷ್ಟಪಟ್ಟು ಹೋದರೆ ಸಂತೋಷ. ದಾರಿ ಮುಚ್ಚಿ ಕಳಿಸಿ, ಆಮೇಲೆ ಅದನ್ನು ಅವಳ ಆಯ್ಕೆ ಎಂದು ಅಂಕಿಅಂಶದಲ್ಲಿ ಬರೆದುಕೊಳ್ಳುವುದು ಬರೀ ಮೋಸ. ಅನುಕೂಲವಿದ್ದವರು ಹೊಲದ ಮೇಲೆ ಸಾಲ ಎತ್ತಿ ಮಕ್ಕಳನ್ನು ಮಂಗಳೂರು, ಉಡುಪಿ ಕಡೆಯ ಬಸ್ಸು ಹತ್ತಿಸುತ್ತಾರೆ. ಅಲ್ಲಿನ ಹಾಸ್ಟೆಲುಗಳಲ್ಲಿ ಬೀದರ್, ರಾಯಚೂರಿನ ಕನ್ನಡ ಕೇಳಿಸುವುದು ಪ್ರವಾಸಕ್ಕೆ ಬಂದವರಿಂದಲ್ಲ. ಪ್ರತಿ ವರ್ಷ ಗೊತ್ತಿರುವ ವಿಷಯ ಇದು. ಪ್ರತಿ ವರ್ಷ ಸಚಿವರು 'ಪರಿಶೀಲಿಸುತ್ತೇವೆ' ಎನ್ನುತ್ತಾರೆ. ಇದರ ಬಗ್ಗೆ ಬರೆಯುವುದಕ್ಕೂ ಬೇಸರ ಬಂದಿದೆ.

ಹೊಸ ವರದಿಯೊಂದು ಬಂದಿದೆಯಲ್ಲ ಎಂದು ನೀವು ಕೇಳಬಹುದು. ಬಂದಿದೆ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಮುಖ್ಯಮಂತ್ರಿಗಳ ಕೈಗೆ ಕೊಟ್ಟಿತು, ಎಲ್ಲರೂ ಹಿಡಿದು ಫೋಟೊ ತೆಗೆಸಿಕೊಂಡರು. ಅದರಲ್ಲಿ 2+8+4 ಎಂಬ ಹೊಸ ಲೆಕ್ಕವಿದೆ. ಕೊನೆಯ ನಾಲ್ಕರಲ್ಲಿ ಹೈಸ್ಕೂಲು, ಪಿಯು ಎರಡೂ ಒಟ್ಟಿಗೆ. ಅದನ್ನು ಜಾರಿ ಮಾಡುವವರು ಯಾರು, ಮುಂದಿನ ಸರ್ಕಾರ ಬಂದಾಗ ಅದು 3+9+2 ಆಗುತ್ತದೋ ಎಂಬುದಕ್ಕೆ ಈಗಿನಿಂದಲೇ ಕಾಂಬಿನೇಷನ್ ತಗೊಳ್ಳುವ ಹಾಗಿಲ್ಲ.

ಅಲ್ಲಿಯವರೆಗೆ ಫಸ್ಟ್ ಪಿಯು ಅರ್ಜಿ ಕೊಡುತ್ತಿದ್ದಾರೆ. ಟಿಸಿ, ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಆರು ಫೋಟೊ ತರಬೇಕು. ಅಪ್ಪ ಅಮ್ಮ ಇಬ್ಬರೂ ಕೌನ್ಸೆಲಿಂಗಿಗೆ ಬರಬೇಕು, ಮಗು ಬರದಿದ್ದರೂ ನಡೆಯುತ್ತದೆ. ಫೀಸಿನ ಅರ್ಧ ಟ್ರಸ್ಟಿನ ಹೆಸರಿಗೆ ಡಿಡಿ, ಇನ್ನರ್ಧ ಕ್ಯಾಶು. ಕ್ಯಾಶಿಗೆ ರಸೀದಿ ಕೇಳಬೇಡಿ.